ಕಲ್ಪಿತಲೋಕದ ಪಾತ್ರಕ್ರೀಡೆಗಳಲ್ಲಿ ಡ್ವಾರ್ಫ್ ಮತ್ತು ನೋಮ್ ಜನಾಂಗಗಳ ಗಂಭೀರ ಚಿತ್ರಣ

೧. ವಿಷಯಪ್ರವೇಶ

ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಐವತ್ತು ವರ್ಷಗಳಿಂದ ಬೆಳೆದುಬಂದಿರುವ ವಿನೋದಗಳಲ್ಲಿ ‘ಪಾತ್ರಕ್ರೀಡೆ’ಯೆಂದು ಕರೆಯಬಹುದಾದುದೊಂದುಂಟು. ನಾಲ್ಕಾರು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಕಲ್ಪಿತ ವ್ಯಕ್ತಿಯ ಪಾತ್ರವನ್ನು ವಹಿಸಿ, ಆ ವ್ಯಕ್ತಿಯ ಮಾತನ್ನೂ ನಡತೆಯನ್ನೂ ಅಲ್ಲಲ್ಲಿಯೇ ಕಲ್ಪಿಸಿಕೊಂಡು ಹೇಳುತ್ತ ಹೋಗುವರು. ನಿರ್ವಾಹಕನೆಂಬ ಒಬ್ಬನು ಆ ಲೋಕದ ಇತರ ಸಮಸ್ತ ವ್ಯಕ್ತಿಗಳನ್ನೂ ಸನ್ನಿವೇಶಗಳನ್ನೂ ವರ್ಣಿಸುವನು. ಫಲವು ಸಂದಿಗ್ಧವಾಗಿರುವ ಕಡೆ ದಾಳವನ್ನು ಉರುಳಿಸಿ ನಿರ್ಣಯಿಸುವರು. ವೇಷಭೂಷಣಗಳಿಲ್ಲದೆ ಕುಳಿತಲ್ಲಿಯೇ ಆಶುವಾಗಿ ಸಂವಾದ ನಡೆಸುವ ತಾಳಮದ್ದಳೆಯ ಅರ್ಥಗಾರಿಕೆಯನ್ನು ಬಲ್ಲ ಕನ್ನಡಿಗರಿಗೆ ಇದರ ಸ್ವರೂಪವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಭೇದವಿಷ್ಟೆ: ಅಲ್ಲಿ ಪ್ರಸಂಗವು ಮೊದಲೇ ನಿಶ್ಚಿತವಾಗಿರುತ್ತದೆ; ಇಲ್ಲಿ ಕಥೆಯ ಮುಕ್ತಾಯವನ್ನು ಯಾರೂ ಅರಿಯರು. ಇಂತಹ ಕ್ರೀಡೆಗಳಲ್ಲಿ ಮೊದಲನೆಯದಾಗಿ ಪ್ರಕಟವಾದುದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಈ ಕ್ರೀಡೆಗಳ ಲೋಕದಲ್ಲಿ ಮನುಷ್ಯರಲ್ಲದೆ ಬೇರೆ ಜನಾಂಗಗಳೂ ಇರುವುವು. ಅವುಗಳಲ್ಲಿ ಎಲ್ಫರಿಗೆ ಸೌಂದರ್ಯ, ದೀರ್ಘಾಯುಸ್ಸು, ವಿಷಾದ ಇವು ಸಂದಿವೆ. ಡ್ವಾರ್ಫರ ಪಾಲಿಗೆ ಬಂದುದು ಗಡ್ಡ, ಕೊಡಲಿ, ಮದ್ಯಪಾನ, ಮುಂಗೋಪ ಮತ್ತು ಹೊನ್ನಿನ ಆಸೆ. ನೋಮರ ಸ್ಥಿತಿ ಇನ್ನೂ ಶೋಚನೀಯವಾದುದು. ನಡೆಯದ ಯಂತ್ರಗಳನ್ನು ಮಾಡುವ, ಕೀಟಲೆಯನ್ನೇ ಕಸುಬಾಗಿಸಿಕೊಂಡ ಹಾಸ್ಯಗಾರರೆಂದು ಅವರನ್ನು ಆಟಗಾರರು ಎಣಿಸುವುದುಂಟು. ಈ ಎರಡು ಜನಾಂಗಗಳನ್ನು ಗಂಭೀರವಾಗಿ ಚಿತ್ರಿಸುವುದು ಸಾಧ್ಯವೆ, ಸಾಧ್ಯವಾದರೆ ಯಾವ ಮಾರ್ಗದಿಂದ, ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ. ಇವರ ಹಾಸ್ಯಲಕ್ಷಣಗಳು ಬಹುಮಟ್ಟಿಗೆ ಒಂದು ಕಾಲದಲ್ಲಿ ಗಂಭೀರವಾಗಿದ್ದ ಸಂಗತಿಗಳ ಸವೆದ ಅವಶೇಷಗಳು. ಆದುದರಿಂದ ಗಂಭೀರ ಚಿತ್ರಣಕ್ಕೆ ಆ ಲಕ್ಷಣಗಳನ್ನು ಕಿತ್ತುಹಾಕಬೇಕಾಗಿಲ್ಲ, ಅವುಗಳ ಕಾರಣವನ್ನು ಮರಳಿ ಕೊಟ್ಟರೆ ಸಾಕು, ಎಂಬುದು ಮುಂದಿನ ವಿಚಾರದಿಂದ ವ್ಯಕ್ತವಾಗುವುದು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಡ್ವಾರ್ಫ್ ಎಂಬುದಕ್ಕೆ ಕುಬ್ಜ, ವಾಮನ, ಗಿಡ್ಡ ಎಂಬ ಶಬ್ದಗಳನ್ನು ಬಳಸಬಹುದಾಗಿದ್ದರೂ ಅವೆಲ್ಲವೂ ದೇಹದ ಎತ್ತರವನ್ನು ಮಾತ್ರ ಹೇಳುತ್ತವೆ. ಮೂಲದಲ್ಲಿ ಎತ್ತರವು ಮುಖ್ಯವಾಗಿಲ್ಲದುದರಿಂದ ಇಲ್ಲಿ ಡ್ವಾರ್ಫ್, ನೋಮ್ ಎಂಬ ಹೆಸರುಗಳನ್ನೇ ಇಟ್ಟುಕೊಳ್ಳಲಾಗಿದೆ.

೨. ನಾರ್ಸ್ ಪುರಾಣಗಳ ಡ್ವಾರ್ಫರು

ಡ್ವಾರ್ಫರ ವಿಚಾರದಲ್ಲಿ ಹೆಚ್ಚಿನ ಸಾಮಗ್ರಿಯನ್ನು ಒದಗಿಸುವುದು ಐಸ್‌ಲೆಂಡಿನ ಪ್ರಾಚೀನ ವಾಙ್ಮಯ. ‘ವೋಲುಸ್ಪಾ’ ಎಂಬ ಗೀತೆಯಲ್ಲಿ ಅವರ ಹೆಸರುಗಳ ಉದ್ದವಾದ ಪಟ್ಟಿಯೊಂದಿದೆ. ಸ್ನೋರ್ರಿ ಸ್ಟುರ್ಲುಸನ್ (೧೧೭೯-೧೨೪೧) ಸುಮಾರು ೧೨೨೦ರಲ್ಲಿ ರಚಿಸಿದ ‘ಎಡ್ಡಾ’ ಗ್ರಂಥದ ಪ್ರಕಾರ ಅವರು ಆದಿದೈತ್ಯನಾದ ಯಿಮಿರನ ಮಾಂಸದಲ್ಲಿ ಹುಳುಗಳಂತೆ ಹುಟ್ಟಿ, ಅನಂತರ ದೇವತೆಗಳ ಸಂಕಲ್ಪದಿಂದ ಬುದ್ಧಿಯನ್ನೂ ಮನುಷ್ಯಾಕಾರವನ್ನೂ ಪಡೆದರು. ಆಕಾಶದ ನಾಲ್ಕು ಮೂಲೆಗಳನ್ನು ಹೊತ್ತಿರುವವರೂ ದಿಕ್ಕುಗಳ ಹೆಸರನ್ನೇ ಧರಿಸಿದ ನಾಲ್ವರು ಡ್ವಾರ್ಫರೇ. ಅವರ ಗಿಡ್ಡತನಕ್ಕೆ ಈ ಪುರಾಣಗಳಲ್ಲಿ ಪ್ರಾಧಾನ್ಯವಿಲ್ಲ; ಅವರ ಕೈಕೆಲಸಕ್ಕೆ, ಜ್ಞಾನಕ್ಕೆ, ಕೊಟ್ಟ ಮಾತಿಗೆ ಇದೆ.

ಮೂರು ಕಥೆಗಳನ್ನು ಇಲ್ಲಿ ಗಮನಿಸತಕ್ಕದ್ದು. ಮೊದಲನೆಯದು ಬ್ರೋಕ್ ಮತ್ತು ಸಿಂದ್ರಿ ಎಂಬ ಸಹೋದರರದು. ಇವರು ಉತ್ತಮವಾದ ವಸ್ತುಗಳನ್ನು ಮಾಡಲಾರರೆಂದು ಲೋಕಿಯು ತನ್ನ ತಲೆಯನ್ನೇ ಪಣವಾಗಿಟ್ಟನು. ಬ್ರೋಕನು ತಿದಿಯೂದುತ್ತಿರುವಾಗ ಲೋಕಿಯು ನೊಣದ ರೂಪದಿಂದ ಬಂದು ಕಚ್ಚಿ ವಿಘ್ನಮಾಡಿದನು. ಆದರೂ ಥಾರನ ಸುತ್ತಿಗೆಯೇ ಮೊದಲಾದ ಮೂರು ವಸ್ತುಗಳು ಸಿದ್ಧವಾದುವು. ವಿಘ್ನದ ಫಲವಾಗಿ ಆ ಸುತ್ತಿಗೆಯ ಹಿಡಿ ಮಾತ್ರ ಮೋಟಾಯಿತು. ದೇವತೆಗಳು ಬ್ರೋಕನೇ ಗೆದ್ದನೆಂದು ತೀರ್ಪಿತ್ತರು. ಆಗ ಲೋಕಿಯು, ತಲೆಯು ನಿನ್ನದಾಗಬಹುದು, ಕೊರಳು ನಿನ್ನದಲ್ಲವೆಂದು ತರ್ಕಹೂಡಿ ತಪ್ಪಿಸಿಕೊಂಡನು. ಬ್ರೋಕನಿಗೆ ದಕ್ಕಿದುದು ಲೋಕಿಯ ತುಟಿಗಳನ್ನು ಹೊಲಿಯುವಷ್ಟು ಸಮಾಧಾನ ಮಾತ್ರ. ಎರಡನೆಯದು ಆಂದ್ವರಿಯ ಕಥೆ. ದೇವತೆಗಳು ತಾವು ಮಾಡಿದ ಕೊಲೆಯೊಂದಕ್ಕೆ ದಂಡ ತೆರಬೇಕಾಗಿ ಬಂದಾಗ ಲೋಕಿಯು ಆಂದ್ವರಿಯನ್ನು ಹಿಡಿದು, ಅವನ ಹೊನ್ನೆಲ್ಲವನ್ನೂ ಕಡೆಗೆ ಒಂದು ಉಂಗುರವನ್ನೂ ಬಿಡದೆ ಕಸಿದುಕೊಂಡನು. ಆ ಹೊನ್ನಿಗೆ ಶಾಪವಂಟಿದುದು ಅಂದಿನಿಂದ. ಮೂರನೆಯದು ಆಲ್ವಿಸನೆಂಬ ವಿದ್ವಾಂಸನ ಕಥೆ. ತನಗೆ ಕೊಡುವುದಾಗಿ ಮಾತಾಗಿದ್ದ ಥಾರನ ಮಗಳನ್ನು ಕರೆದೊಯ್ಯಲು ಅವನು ಬಂದನು. ಮಾತುಕೊಟ್ಟಾಗ ತಾನು ಮನೆಯಲ್ಲಿರಲಿಲ್ಲವೆಂದ ಥಾರನು ಬೆಳಗಾಗುವವರೆಗೂ ಪ್ರಶ್ನೆಗಳನ್ನು ಕೇಳುತ್ತ ಅವನನ್ನು ತಡೆದು ನಿಲ್ಲಿಸಿದನು. ಒಂದೊಂದು ಪದಾರ್ಥಕ್ಕೆ ಯಾವ ಯಾವ ಲೋಕದಲ್ಲಿ ಯಾವ ಹೆಸರೆಂದು ಆಲ್ವಿಸನು ತಪ್ಪಿಲ್ಲದೆ ಹೇಳುತ್ತಿರುವಾಗಲೇ ಸೂರ್ಯೋದಯವಾಯಿತು.

ಡ್ವಾರ್ಫರು ನಿರ್ದೋಷಿಗಳೆಂದು ಇದರಿಂದ ಹೇಳಲಾಗದು. ಜ್ಞಾನಿಯಾದ ಕ್ವಾಸಿರನನ್ನು ಕೊಂದು ಅವನ ರಕ್ತದಿಂದ ಮಧುವನ್ನು ಮಾಡಿದವರೂ ಫ್ಯಾಲರ್, ಗ್ಯಾಲರ್ ಎಂಬ ಡ್ವಾರ್ಫರೇ. ಆದರೆ ಮೇಲಿನ ಮೂರು ಕಥೆಗಳಲ್ಲಿಯೂ ಒಂದು ಸಮಾನಾಂಶವು ಕಾಣಬರುತ್ತದೆ. ಡ್ವಾರ್ಫನು ತನ್ನ ಪಾಲಿನ ಕೆಲಸವನ್ನು ಮಾಡಿದ್ದಾನೆ, ಅಥವಾ ತನ್ನ ಸೊತ್ತನ್ನು ಇಟ್ಟುಕೊಂಡಿದ್ದಾನೆ. ಬಲಿಷ್ಠರಾದವರು ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿಲ್ಲ. ಈ ಕಥೆಗಳಲ್ಲಿ ಅವನು ವಂಚಿತನಾದ ಸಾಲಿಗ. ಈಚಿನ ಕ್ರೀಡೆಗಳಲ್ಲಿ ಪರಿಹಾಸಕ್ಕೆ ಗುರಿಯಾದ ಅವನ ಹಗೆಸಾಧನೆಗೂ ಹೊನ್ನಿನ ಮೇಲಣ ಬಿಗಿಹಿಡಿತಕ್ಕೂ ತಕ್ಕ ಹಿನ್ನೆಲೆಯು ಇಲ್ಲಿ ದೊರೆಯುತ್ತದೆ.

೩. ಗಣಿಯ ಭಯವೂ ನೋಮರೂ

ನೋಮರ ವಂಶಾವಳಿಯು ಇಷ್ಟು ಪ್ರಾಚೀನವಲ್ಲ. ಆ ಹೆಸರನ್ನು ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ವೈದ್ಯನಾದ ಪ್ಯಾರಸೆಲ್ಸಸ್. ಅವನು ೧೫೪೧ರಲ್ಲಿ ತೀರಿಕೊಂಡ ಬಳಿಕ, ೧೫೬೬ರಲ್ಲಿ, ಪ್ರಕಟವಾದ ಗ್ರಂಥವೊಂದರಲ್ಲಿ ನಾಲ್ಕು ಭೂತಗಳಿಗೆ ನಾಲ್ಕು ಬಗೆಯ ಜೀವಿಗಳನ್ನು ಹೇಳಿ, ಪೃಥ್ವಿಗೆ ಸೇರಿದವರೇ ನೋಮರೆಂದಿದ್ದಾನೆ. ಮನುಷ್ಯರು ಗಾಳಿಯಲ್ಲಿ ಸಂಚರಿಸುವಂತೆ ಅವರು ಮಣ್ಣು ಬಂಡೆಗಳಲ್ಲಿ ಅಡೆತಡೆಯಿಲ್ಲದೆ ಸಂಚರಿಸುವರು. ಭೂಗರ್ಭದ ನಿಧಿಗಳನ್ನು ಕಾಯುವರು. ದೇಹದಲ್ಲಿಯೂ ಬುದ್ಧಿಯಲ್ಲಿಯೂ ಮನುಷ್ಯರನ್ನು ಹೋಲುವ ಇವರಿಗೆ ಅಮರವಾದ ಆತ್ಮವು ಮಾತ್ರ ಇಲ್ಲವೆಂದು ಅವನ ಮತ.

ಅದೇ ಶತಮಾನದಲ್ಲಿ ಗಣಿವಿದ್ಯೆಯ ಆಚಾರ್ಯನೆನಿಸಿದ ಗಿಯೋರ್ಗಿಯಸ್ ಅಗ್ರಿಕೋಲನು ೧೫೪೯ರ ತನ್ನ ಗ್ರಂಥವೊಂದರಲ್ಲಿ ಜರ್ಮನಿಯ ಗಣಿಗಾರರು ನಂಬಿದ್ದ ಭೂತಗಳನ್ನು ವಿವರಿಸಿದ್ದಾನೆ. ಅವುಗಳಲ್ಲಿ ಕ್ರೂರವಾದುವು ಉಸಿರಿನಿಂದಲೇ ಕೆಲಸಗಾರರನ್ನು ಕೊಲ್ಲುವುವು. ಸೌಮ್ಯವಾದುವು ಗಣಿಗಾರರ ಉಡುಪನ್ನೇ ತೊಟ್ಟ ಪುಟ್ಟ ಮುದುಕರಂತಿದ್ದು, ನಗುತ್ತ, ಅಗೆದಂತೆಯೂ ಹೊತ್ತಂತೆಯೂ ನಟಿಸುತ್ತ, ವಾಸ್ತವವಾಗಿ ಏನನ್ನೂ ಮಾಡದೆ ಇರುವುವು. ಕೊಲ್ಲುವ ಉಸಿರೆಂಬುದು ಗಣಿಯ ವಿಷವಾಯುವೇ ಇರಬೇಕೆಂದು ಇಂದು ಸುಲಭವಾಗಿ ಊಹಿಸಬಹುದು. ಕಾಸಿದಾಗ ವಿಷದ ಹೊಗೆಯನ್ನು ಕಾರುತ್ತ, ಬೆಳ್ಳಿಯನ್ನು ಕೊಡದೆ ವಂಚಿಸುತ್ತಿದ್ದ ಅದಿರೊಂದಕ್ಕೆ ಗಣಿಗಾರರು ಕೋಬೋಲ್ಡ್ ಎಂಬ ಭೂತದ ಹೆಸರನ್ನೇ ಇಟ್ಟರು. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಗಿಯೋರ್ಗ್ ಬ್ರಾಂಟನು ಅದರಿಂದ ಪಡೆದ ಲೋಹಕ್ಕೆ ಕೋಬಾಲ್ಟ್ ಎಂಬ ಹೆಸರು ನಿಂತುದು ಹೀಗೆ.

ಇದರಿಂದ ತಿಳಿಯಬರುವುದೇನೆಂದರೆ, ನೆಲದೊಳಗಣ ಈ ಪುಟ್ಟ ಜನರ ನಗುವು ಮೊದಲು ಕೇಳಿಬಂದುದು ಸಾವಿನ ನೆರೆಯಲ್ಲಿ. ಕತ್ತಲೆಯಲ್ಲಿ ದುಡಿಯುವವನಿಗೆ ಕೇಳಿಸುವ ಸಣ್ಣ ಸದ್ದು ಬಂಡೆ ಬಿರಿಯುವುದರ ಸೂಚನೆಯೋ ತುಂಟಭೂತದ ಚೇಷ್ಟೆಯೋ ತಿಳಿಯದು. ತುಂಟಭೂತವೆಂದುಕೊಂಡು ನಕ್ಕು ಕೆಲಸವನ್ನು ಮುಂದುವರಿಸುವುದು ಭಯವನ್ನು ತಡೆದುಕೊಳ್ಳುವ ಒಂದು ಉಪಾಯ.

೪. ಹಾಸ್ಯದ ಲೇಪ

ಈ ಗಂಭೀರವಾದ ಮೂಲಗಳು ಕ್ರಮೇಣ ಮರೆಯಾದುವು. ೧೭೧೪ರಲ್ಲಿ ಅಲೆಕ್ಸಾಂಡರ್ ಪೋಪನು ತನ್ನ ‘ದಿ ರೇಪ್ ಆಫ್ ದಿ ಲಾಕ್’ ಎಂಬ ವಿಡಂಬನಕಾವ್ಯಕ್ಕೆ ನೋಮರನ್ನು ಸೇರಿಸಿಕೊಂಡನು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕುಶಲಕರ್ಮಿಗಳು ಮಾಡಿದ ಜೇಡಿಮಣ್ಣಿನ ನೋಮ್ ಬೊಂಬೆಗಳು ಶ್ರೀಮಂತರ ತೋಟಗಳನ್ನು ಸೇರಿದುವು. ಗ್ರಿಮ್ ಸಹೋದರರು ೧೮೧೨ರಲ್ಲಿ ಪ್ರಕಟಿಸಿದ ಸ್ನೋವೈಟಳ ಕಥೆಯಲ್ಲಿ ಬೆಟ್ಟದಲ್ಲಿ ಅದಿರನ್ನಗೆಯುವ ಏಳುಮಂದಿ ಡ್ವಾರ್ಫರಿಗೆ ಹೆಸರೇ ಇಲ್ಲ. ೧೯೩೭ರ ಡಿಸ್ನಿ ಚಲಚ್ಚಿತ್ರವು ಅವರಿಗೆ ಸಿಡುಕ, ತೂಕಡಿಕೆಯವ ಎಂಬರ್ಥದ ಹೆಸರುಗಳನ್ನು ಕೊಟ್ಟು, ಒಬ್ಬೊಬ್ಬನನ್ನೂ ಒಂದೊಂದು ಲಕ್ಷಣಕ್ಕೆ ಇಳಿಸಿತು.

ಅದೇ ೧೯೩೭ರಲ್ಲಿ ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’ ಪ್ರಕಟವಾಯಿತು. ಅದರಲ್ಲಿಯೂ ಡ್ವಾರ್ಫರು ಮೊದಲು ಬರುವುದು ಬಣ್ಣಬಣ್ಣದ ಕುಲಾವಿಗಳನ್ನು ತೊಟ್ಟು, ಆತಿಥೇಯನ ಉಗ್ರಾಣವನ್ನು ಬರಿದುಮಾಡುವ ಅತಿಥಿಗಳಾಗಿಯೇ. ಆದರೆ ಅವರು ಕಳೆದುಕೊಂಡ ಬೆಟ್ಟದ ವಿಷಯ ತಿಳಿದ ಮೇಲೆ ವಾಚಕನ ದೃಷ್ಟಿ ಬೇರೆಯಾಗುತ್ತದೆ. ನಾಯಕನಾದ ಥೋರಿನನು ಹೊನ್ನಿನ ಮೋಹದಿಂದ ಕೆಟ್ಟು, ಯುದ್ಧದಲ್ಲಿ ಗಾಯಗೊಂಡು, ಮರಣಶಯ್ಯೆಯಲ್ಲಿ ಸ್ನೇಹಿತನೊಡನೆ ರಾಜಿಯಾಗುವ ಭಾಗವು ದುಃಖಾಂತನಾಟಕದ ಮಟ್ಟಕ್ಕೇರಿದೆ. ಈ ಡ್ವಾರ್ಫರ ಹೆಸರುಗಳಲ್ಲಿ ಹೆಚ್ಚಿನವನ್ನು ಟೋಲ್ಕಿನ್ ಅವರು ‘ವೋಲುಸ್ಪಾ’ದಿಂದಲೇ ತೆಗೆದುಕೊಂಡರು.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವುಂಟು. ಡ್ವಾರ್ಫರ ಗುಪ್ತಭಾಷೆಯನ್ನು ಟೋಲ್ಕಿನ್ ಅವರು ಸೆಮಿಟಿಕ್ ಭಾಷೆಗಳ ಮಾದರಿಯಲ್ಲಿ ರಚಿಸಿದರು. ತಾವಿರುವ ನಾಡಿಗೆ ಸೇರಿಯೂ ಸೇರದವರಂತಿರುವ ಈ ಜನರನ್ನು ಯೆಹೂದ್ಯರಿಗೆ ಹೋಲಿಸಿ ೧೯೫೫ರ ಪತ್ರವೊಂದರಲ್ಲಿ ಬರೆದರು. ಮನೆಯನ್ನು ಕಳೆದುಕೊಂಡ ಜನಾಂಗದ ದುಃಖವನ್ನು ಇದು ಡ್ವಾರ್ಫರಿಗೆ ತಂದುಕೊಟ್ಟಿತು. ಆದರೆ ಯೆಹೂದ್ಯರು ಧನಲೋಭಿಗಳೆಂಬ ದ್ವೇಷದ ಕಟ್ಟುಕಥೆಯು ಯುರೋಪಿನಲ್ಲಿ ಬಹುಕಾಲದಿಂದ ಹಬ್ಬಿದ್ದಿತು. ವಾಗ್ನರನ ‘ರಿಂಗ್’ ನಾಟಕಮಾಲೆಯ ಆಲ್ಬೆರಿಕ್, ಮೀಮೆ ಎಂಬ ಡ್ವಾರ್ಫರಲ್ಲಿ ಆ ದ್ವೇಷದ ಛಾಯೆಯನ್ನು ಅನೇಕ ವಿಮರ್ಶಕರು ಗುರುತಿಸಿದ್ದಾರೆ. ಲೋಭವನ್ನು ಜನ್ಮಸ್ವಭಾವವೆಂದು ಚಿತ್ರಿಸುವ ಆಟಗಾರನು ತಿಳಿಯದೆಯೇ ಆ ಹಳೆಯ ಕಟ್ಟುಕಥೆಗೆ ದನಿಗೂಡಿಸುವ ಅಪಾಯವಿದೆ.

ಮತ್ತೊಂದು ಅಪಾಯವು ದೇಹಕ್ಕೆ ಸಂಬಂಧಪಟ್ಟುದು. ಗಿಡ್ಡ ದೇಹವು ನಗುವಿಗೆ ವಿಷಯವೆಂಬ ಭಾವನೆ ಯುರೋಪಿಗೆ ಮಾತ್ರ ಸೇರಿದುದಲ್ಲ. ಭರತನ ನಾಟ್ಯಶಾಸ್ತ್ರವೂ ವಿದೂಷಕನ ಲಕ್ಷಣಗಳಲ್ಲಿ ವಾಮನತ್ವವನ್ನು ಎಣಿಸಿದೆ. ಯುರೋಪಿನ ಅರಮನೆಗಳಲ್ಲಿ ಕುಬ್ಜದೇಹದ ಮನುಷ್ಯರನ್ನು ವಿನೋದಕ್ಕಾಗಿ ಇಟ್ಟುಕೊಳ್ಳುವ ಪದ್ಧತಿಯಿದ್ದಿತು. ಆದರೆ ಸ್ಪೇನಿನ ಆಸ್ಥಾನ ಚಿತ್ರಕಾರನಾಗಿದ್ದ ವೆಲಾಸ್ಕೆತ್ (೧೫೯೯-೧೬೬೦) ಅಂತಹವರನ್ನು ಚಿತ್ರಿಸಿದಾಗ ನಗುವಿಗೆ ಎಡೆಯಿಲ್ಲದಂತೆ, ನೋಡುವವನನ್ನು ನೇರವಾಗಿ ದಿಟ್ಟಿಸುವ ಪೂರ್ಣವ್ಯಕ್ತಿಗಳನ್ನಾಗಿ ಚಿತ್ರಿಸಿದನು. ಅವನು ದೇಹವನ್ನು ಮರೆಮಾಡಲಿಲ್ಲ. ದೇಹದಲ್ಲಿಯೇ ವ್ಯಕ್ತಿ ಮುಗಿಯುವನೆಂದು ಬಗೆಯಲಿಲ್ಲ. ಪಾತ್ರಕ್ರೀಡೆಗೂ ಇದೇ ಆದರ್ಶವಾಗಬಹುದು.

೫. ಕ್ರೀಡಾಗ್ರಂಥಗಳ ಸಾಕ್ಷ್ಯ

೧೯೭೪ರ ಮೂಲಗ್ರಂಥದಲ್ಲಿ ಡ್ವಾರ್ಫನು ಯೋಧನು ಮಾತ್ರ ಆಗಬಹುದಾಗಿದ್ದಿತು. ಆರನೆಯ ಮಟ್ಟಕ್ಕಿಂತ ಮೇಲೇರುವಂತಿರಲಿಲ್ಲ. ೧೯೭೮ರ ಆಟಗಾರರ ಕೈಪಿಡಿಯಲ್ಲಿ ನೋಮರೂ ಆಟಗಾರರು ಆಯ್ದುಕೊಳ್ಳಬಹುದಾದ ಜನಾಂಗವಾದರು. ಮಾಯಾವಿದ್ಯೆ ಅವರ ವೈಶಿಷ್ಟ್ಯವಾಯಿತು. ಡ್ವಾರ್ಫನಿಗೆ ಅದೇ ಕೈಪಿಡಿಯು ದೇಹದಾರ್ಢ್ಯದಲ್ಲಿ ಒಂದು ಅಂಕವನ್ನು ಕೂಡಿಸಿ, ಜನಾಕರ್ಷಣೆಯಲ್ಲಿ ಒಂದನ್ನು ಕಳೆಯಿತು. ಸಿಡುಕುತನವು ಹೀಗೆ ನಿಯಮದಲ್ಲಿಯೇ ಬರೆಯಲ್ಪಟ್ಟಿತು. ೧೯೮೨ರಲ್ಲಿ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ರೋಜರ್ ಮೂರ್ ಎಂಬ ಲೇಖಕರು ಡ್ವಾರ್ಫರ ಮತ್ತು ನೋಮರ ದೃಷ್ಟಿಯಿಂದ ಲೋಕವು ಹೇಗೆ ಕಾಣುವುದೆಂಬುದನ್ನು ಪ್ರತ್ಯೇಕ ಲೇಖನಗಳಲ್ಲಿ ನಿರೂಪಿಸಿದುದು ಗಂಭೀರ ಚಿತ್ರಣದ ಕಡೆಗೆ ಇಟ್ಟ ಹೆಜ್ಜೆ. ಆದರೂ ೧೯೮೪ರಿಂದ ಪ್ರಕಟವಾದ ‘ಡ್ರ್ಯಾಗನ್‌ಲ್ಯಾನ್ಸ್’ ಮಾಲೆಯ ಯಂತ್ರಪ್ರಿಯ ನೋಮರು ಹಾಸ್ಯವನ್ನೇ ಬಲಪಡಿಸಿದರು. ೨೦೦೮ರ ನಾಲ್ಕನೆಯ ಆವೃತ್ತಿಯ ಮೊದಲ ಕೈಪಿಡಿಯಲ್ಲಿ ನೋಮರಿಗೆ ಸ್ಥಳವೇ ದೊರೆಯಲಿಲ್ಲ. ೨೦೦೯ರ ಎರಡನೆಯ ಕೈಪಿಡಿಯಲ್ಲಿ ಅವರು ಹಿಂದಿರುಗಿದರು. ತನ್ನದೇ ಆದ ಗಂಭೀರ ಪ್ರಯೋಜನವಿಲ್ಲದ ಪಾತ್ರವು ಎಷ್ಟು ಸುಲಭವಾಗಿ ಕೈಬಿಡಲ್ಪಡುವುದೆಂಬುದಕ್ಕೆ ಇದು ನಿದರ್ಶನ.

ಇದಕ್ಕೆ ಪ್ರತಿಯಾಗಿ ನಾಲ್ಕು ಕಲ್ಪಿತಲೋಕಗಳನ್ನು ಹೇಳಬಹುದು. ಗ್ರೆಗ್ ಸ್ಟ್ಯಾಫರ್ಡ್ ಅವರು ಸೃಷ್ಟಿಸಿದ, ೧೯೭೮ರ ‘ರೂನ್‌ಕ್ವೆಸ್ಟ್’ ಕ್ರೀಡೆಗೆ ರಂಗಸ್ಥಳವಾದ ಗ್ಲೊರಾಂಥಾ ಲೋಕದಲ್ಲಿ ಡ್ವಾರ್ಫರಿಗೆ ಜಗತ್ತೆಂಬುದು ಕೆಟ್ಟುಹೋದ ಮಹಾಯಂತ್ರ. ಅದನ್ನು ಸರಿಪಡಿಸುವುದೇ ಅವರ ಧರ್ಮ. ತನ್ನ ಪಾಲಿನ ಕೆಲಸದಲ್ಲಿ ನಿರತನಾಗಿರುವವರೆಗೆ ಡ್ವಾರ್ಫನಿಗೆ ಮುಪ್ಪಿಲ್ಲ. ಅದನ್ನು ತೊರೆದವನಿಗೆ ಮುಪ್ಪು ತಪ್ಪದು. ೧೯೮೬ರಲ್ಲಿ ಪಾತ್ರಕ್ರೀಡೆಯಾದ ‘ವಾರ್‌ಹ್ಯಾಮರ್’ ಲೋಕದಲ್ಲಿ ತಮಗಾದ ಅನ್ಯಾಯಗಳನ್ನು ಡ್ವಾರ್ಫರು ಗ್ರಂಥದಲ್ಲಿ ಬರೆದಿಡುವರು. ಅಳಿಸಲಾಗದ ಅವಮಾನಕ್ಕೆ ಒಳಗಾದವನು ತಲೆಗೂದಲಿಗೆ ಕಿತ್ತಳೆಯ ಬಣ್ಣವನ್ನು ಬಳಿದು, ಘೋರಪ್ರಾಣಿಗಳೊಡನೆ ಹೋರಾಡಿ ಮರಣವನ್ನು ಅರಸುವನು. ೧೯೯೧ರ ‘ಡಾರ್ಕ್ ಸನ್’ ಲೋಕದಲ್ಲಿ ಡ್ವಾರ್ಫರಿಗೆ ಗಡ್ಡವೇ ಇಲ್ಲ. ಪ್ರತಿಯೊಬ್ಬನಿಗೂ ಬಾಳನ್ನು ಒತ್ತೆಯಿಟ್ಟ ಒಂದು ಕಾರ್ಯವಿರುವುದು. ಅದು ಪೂರೈಸದೆ ಸತ್ತವನು ಪ್ರೇತನಾಗಿ ಅಲೆಯುವನು. ೨೦೦೪ರ ‘ಎಬೆರಾನ್’ ಲೋಕದಲ್ಲಿ ಕೀತ್ ಬೇಕರ್ ಅವರು ನೋಮರಿಗೆ ಜಿಲಾರ್ಗೊ ಎಂಬ ರಾಜ್ಯವನ್ನು ಕೊಟ್ಟಿದ್ದಾರೆ. ಅಲ್ಲಿ ನೋಮರು ವಿದ್ವಾಂಸರು, ವಿನಯಶೀಲರು. ಅವರ ಆಯುಧವು ಪರರ ರಹಸ್ಯಗಳ ಜ್ಞಾನ. ಅವರ ಊರುಗಳಲ್ಲಿ ಅಪರಾಧವು ವಿರಳವಾಗಿರುವುದಕ್ಕೆ ಗುಪ್ತಚಾರರ ಭಯವೇ ಕಾರಣ. ಇವುಗಳಲ್ಲಿ ಯಾವುದೂ ಪರಿಚಿತ ಲಕ್ಷಣಗಳನ್ನು ಸಾರಾಸಗಟಾಗಿ ತಳ್ಳಿಹಾಕಿಲ್ಲ. ಹಟ, ಹಗೆ, ಕುತೂಹಲ ಎಲ್ಲವೂ ಉಳಿದಿವೆ. ಆದರೆ ಪ್ರತಿಯೊಂದಕ್ಕೂ ತೆರಬೇಕಾದ ಬೆಲೆಯೊಂದು ನಿಗದಿಯಾಗಿದೆ.

೬. ಚಿತ್ರಣದ ಕ್ರಮ

ಮೇಲಿನ ಸಾಕ್ಷ್ಯದಿಂದ ಆಟಗಾರನಿಗೂ ನಿರ್ವಾಹಕನಿಗೂ ಉಪಯುಕ್ತವಾದ ಕೆಲವು ಸೂತ್ರಗಳನ್ನು ಹೊರಡಿಸಬಹುದು.

ಮೊದಲನೆಯದು ಆಯುಸ್ಸಿನ ವಿಚಾರ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕ್ರೀಡೆಯ ೨೦೧೪ರ ಕೈಪಿಡಿಯಂತೆ ಡ್ವಾರ್ಫರ ಆಯುಸ್ಸು ಸರಾಸರಿ ೩೫೦ ವರ್ಷ; ನೋಮರದು ೩೫೦ರಿಂದ ಸುಮಾರು ೫೦೦ ವರ್ಷ. ಇನ್ನೂರು ವರ್ಷಗಳ ಹಿಂದಿನ ಒಪ್ಪಂದಭಂಗವು ಮನುಷ್ಯರಿಗೆ ಇತಿಹಾಸ. ಡ್ವಾರ್ಫನಿಗೆ ತನ್ನ ಕಣ್ಣೆದುರಿನ ಘಟನೆ. ತಪ್ಪಿತಸ್ಥನ ಮರಿಮಕ್ಕಳು ಅದನ್ನು ಮರೆತು ನಗುತ್ತಿರುವಾಗ ಅವನು ನಗಲಾರನು. ನೋಮನಿಗಾದರೋ ಪ್ರತಿಯೊಬ್ಬ ಮನುಷ್ಯಮಿತ್ರನೂ ಕೆಲವೇ ದಶಕಗಳ ಅತಿಥಿ. ಅಂತಹವನ ವಿನೋದವು ಅಗಲಿಕೆಯನ್ನು ಬಲ್ಲವನ ವಿನೋದವೆಂದು ತಿಳಿದು ಆಡಿದರೆ ಅದೇ ಮಾತುಗಳಿಗೆ ಬೇರೆ ತೂಕ ಬರುವುದು.

ಎರಡನೆಯದು ಬಾಕಿಯ ವಿಚಾರ. ಈ ಡ್ವಾರ್ಫನಿಗೆ ಯಾರು ಏನನ್ನು ಕೊಡಬೇಕು? ಇವನು ಯಾರಿಗೆ ಏನನ್ನು ಕೊಡಬೇಕು? ಯಾವ ಕೆಲಸವು ಅರ್ಧಕ್ಕೆ ನಿಂತಿದೆ? ಈ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಪಾತ್ರವು ನಿಲ್ಲುತ್ತದೆ. ಇಲ್ಲವಾದರೆ ಗಡ್ಡವೂ ಕೊಡಲಿಯೂ ಅದನ್ನು ನಿಲ್ಲಿಸಲಾರವು. ಅಂತೆಯೇ ನೋಮನ ವಿಷಯದಲ್ಲಿ, ಇವನು ಯಾವುದನ್ನು ಕುರಿತು ಎಂದಿಗೂ ನಗೆಯಾಡುವುದಿಲ್ಲವೆಂಬುದನ್ನು ಆಟಕ್ಕೆ ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ಮೂರನೆಯದು ಜೀವನೋಪಾಯದ ವಿಚಾರ. ನೆಲದಡಿಯ ನಗರಕ್ಕೆ ಧಾನ್ಯವು ಎಲ್ಲಿಂದ ಬರುತ್ತದೆ, ಗಾಳಿಯು ಹೇಗೆ ಬರುತ್ತದೆ, ಲೋಹವನ್ನು ಕೊಳ್ಳುವವರು ಯಾರು, ಗಣಿ ಕುಸಿದರೆ ವಿಧವೆಯರ ಗತಿಯೇನು ಎಂಬುದನ್ನು ನಿರ್ವಾಹಕನು ಯೋಚಿಸಿರಬೇಕು. ಟೋಲ್ಕಿನ್ ಅವರ ಲೋಕದಲ್ಲಿ ಡ್ವಾರ್ಫ್ ಸ್ತ್ರೀಯರು ಒಟ್ಟು ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಸ್ತ್ರೀಯರ ಗಡ್ಡವನ್ನು ಕುರಿತ ಪರಿಹಾಸಕ್ಕಿಂತ ಈ ಸಂಖ್ಯೆಯೇ ಹೆಚ್ಚು ಅರ್ಥವತ್ತಾದುದು. ಅಂತಹ ಜನಾಂಗದಲ್ಲಿ ಒಂದೊಂದು ಮರಣವೂ ತುಂಬಲಾರದ ನಷ್ಟ.

ನಾಲ್ಕನೆಯದು ಭೇದಗಳ ವಿಚಾರ. ಜನಾಂಗವೊಂದರ ಎಲ್ಲರಿಗೂ ಒಂದೇ ಸ್ವಭಾವವನ್ನು ಆರೋಪಿಸುವುದು ತಪ್ಪೆಂಬ ಅಭಿಪ್ರಾಯವು ಕ್ರೀಡಾಕರ್ತರಲ್ಲಿಯೂ ಬೆಳೆದಿದೆ. ೨೦೨೦ರ ಪೂರಕಗ್ರಂಥವೊಂದು ಜನಾಂಗಕ್ಕೆ ಕಟ್ಟಿದ್ದ ಅಂಕಗಳನ್ನು ಆಟಗಾರನು ಬದಲಿಸಿಕೊಳ್ಳಲು ಅವಕಾಶವಿತ್ತಿತು. ೨೦೨೪ರ ಕೈಪಿಡಿಯು ‘ಜನಾಂಗ’ವೆಂಬ ಪಾರಿಭಾಷಿಕ ಶಬ್ದವನ್ನೇ ಕೈಬಿಟ್ಟು ‘ಜಾತಿಪ್ರಭೇದ’ವೆಂಬರ್ಥದ ಶಬ್ದವನ್ನು ಹಿಡಿಯಿತು. ಆದರೆ ಶಬ್ದವನ್ನು ಬದಲಿಸಿದ ಮಾತ್ರಕ್ಕೆ ಚಿತ್ರಣವು ಬದಲಾಗದು. ಗುಣಗಳನ್ನು ರಕ್ತಕ್ಕೆ ಹೊರಿಸದೆ ಚರಿತ್ರೆಗೂ ಕಸುಬಿಗೂ ಸಂಬಂಧಪಡಿಸಿದಾಗ ಒಂದೇ ಬೆಟ್ಟದಲ್ಲಿ ಹಗೆಯನ್ನು ಮರೆಯಬೇಕೆನ್ನುವವರೂ ಮರೆಯಬಾರದೆನ್ನುವವರೂ ತಾವಾಗಿಯೇ ಹುಟ್ಟಿಕೊಳ್ಳುವರು.

೭. ಆಕ್ಷೇಪ ಮತ್ತು ಉಪಸಂಹಾರ

ಆಟವೆಂಬುದು ವಿನೋದಕ್ಕಾಗಿಯೇ ಇರುವಾಗ ಇಷ್ಟು ಗಾಂಭೀರ್ಯವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ನಗುವನ್ನು ನಿಷೇಧಿಸುವುದು ಇಲ್ಲಿಯ ಉದ್ದೇಶವಲ್ಲ. ಪಾತ್ರವು ನಗುವುದು ಬೇರೆ, ಪಾತ್ರವನ್ನು ನೋಡಿ ನಗುವುದು ಬೇರೆ. ಮೊದಲನೆಯದರಿಂದ ಪಾತ್ರವು ಬೆಳೆಯುತ್ತದೆ, ಎರಡನೆಯದರಿಂದ ಕುಗ್ಗುತ್ತದೆ. ನೋಮರ ದೇವತೆಯಾದ ಗಾರ್ಲ್ ಗ್ಲಿಟರ್‌ಗೋಲ್ಡನು ಕೋಬೋಲ್ಡರ ದೇವತೆಯ ಮೇಲೆ ಗುಹೆಯನ್ನು ಕೆಡವಿದ ಕಥೆಯೊಂದು ಈ ಕ್ರೀಡೆಯ ಗ್ರಂಥಗಳಲ್ಲಿದೆ. ನೋಮರಿಗೆ ಅದು ಚತುರವಾದ ಕೀಟಲೆ. ಕೋಬೋಲ್ಡರಿಗೆ ಮರೆಯಲಾಗದ ಘಾತ. ನಗುತ್ತ ಈ ಕಥೆಯನ್ನು ಹೇಳುವ ನೋಮನ ಎದುರಿಗೆ ಕೋಬೋಲ್ಡನೊಬ್ಬನು ಸುಮ್ಮನೆ ಕುಳಿತಿರುವಂತೆ ನಿರ್ವಾಹಕನು ಮಾಡಿದರೆ ಸಾಕು, ನಗುವಿಗೆ ಬೆಲೆಯುಂಟೆಂಬುದು ಮೇಜಿನ ಸುತ್ತಲಿನ ಎಲ್ಲರಿಗೂ ತಿಳಿಯುವುದು.

ಇನ್ನು, ಕಲ್ಪಿತ ಜನರನ್ನು ಹಗುರವಾಗಿ ಕಂಡರೆ ಯಾರಿಗೆ ಹಾನಿಯೆಂದು ಕೇಳಬಹುದು. ಮೇಲೆ ತೋರಿಸಿದಂತೆ ಆ ಜನರ ಮೇಲೆ ಹೊರಿಸಲ್ಪಟ್ಟಿರುವ ಲಕ್ಷಣಗಳು ನಿಜವಾದ ಮನುಷ್ಯರಿಂದ ಎರವಲು ತಂದವು: ಗಣಿಗಳಲ್ಲಿ ಸತ್ತವರಿಂದ, ನಾಡಿಲ್ಲದೆ ಅಲೆದವರಿಂದ, ದೇಹದ ಕಾರಣದಿಂದ ಅರಮನೆಗಳಲ್ಲಿ ಆಟಿಕೆಗಳಾದವರಿಂದ. ಎರವಲು ತಂದುದನ್ನು ಕೆಡಿಸದೆ ಹಿಂದಿರುಗಿಸಬೇಕೆಂಬುದು ಡ್ವಾರ್ಫರ ನೀತಿಗೂ ಒಪ್ಪುವ ಮಾತು. ಪಾತ್ರಕ್ರೀಡೆಯ ವಿಶೇಷವಾದ ಫಲವು ಬೇರೊಬ್ಬನ ಸ್ಥಾನದಲ್ಲಿ ಕೆಲಹೊತ್ತು ನಿಂತು ನೋಡುವುದರಲ್ಲಿದೆ. ಆ ಬೇರೊಬ್ಬನು ಕೇವಲ ನಗೆಪಾಟಲಾದರೆ ಆಟಗಾರನು ತನ್ನ ಸ್ಥಾನವನ್ನು ಬಿಟ್ಟು ಎಲ್ಲಿಗೂ ಹೋದಂತಾಗಲಿಲ್ಲ. ಅವನ ಬಾಕಿಯನ್ನೂ ಭಯವನ್ನೂ ಅರಿತು ಆಡಿದಾಗಲೇ ಈ ಕ್ರೀಡೆಯು ತನ್ನ ಪ್ರಯೋಜನವನ್ನು ಪಡೆಯುತ್ತದೆ.